ಫೈನಲ್ ಆಡದ ನಾಯಕ

1928ರ ಮೇ 26. ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನ ಹಾಕಿ ಫೈನಲ್‌ನಲ್ಲಿ ಭಾರತ ಆತಿಥೇಯ ಹಾಲೆಂಡ್ ತಂಡವನ್ನು 3–0 ಗೋಲುಗಳಿಂದ ಮಣಿಸಿ ಚೊಚ್ಚಲ ಚಿನ್ನ ಗೆದ್ದಿತು. ತಂಡದ ನಾಯಕ ಮಾತ್ರ ಮೈದಾನದಲ್ಲಿರಲಿಲ್ಲ. ಜೈಪಾಲ್ ಸಿಂಗ್ ಫೈನಲ್‌ಗೆ ಮುನ್ನವೇ ತಂಡದಿಂದ ಹೊರನಡೆದಿದ್ದರು. ಅಂದು ಮುಂದಾಳತ್ವ ವಹಿಸಿದವರು ಪಿನ್ನಿಗರ್. ಒಟ್ಟು ಐದು ಪಂದ್ಯಗಳಲ್ಲಿ ಭಾರತ ಹೊಡೆದದ್ದು 29 ಗೋಲು, ಬಿಟ್ಟುಕೊಟ್ಟದ್ದು ಒಂದೂ ಇಲ್ಲ. 14 ಗೋಲು ಹೊಡೆದ ಧ್ಯಾನ್‌ಚಂದ್ ಮನೆಮಾತಾದರು. ಫುಲ್‌ಬ್ಯಾಕ್ ಆಟಗಾರನಾಗಿದ್ದ ನಾಯಕ ಮರೆವಿಗೆ ಸಂದರು.

ಈಗ ಪದಕ ಗೆದ್ದವರ ಮನೆಬಾಗಿಲಿಗೆ ಪಕ್ಷಗಳೇ ಟಿಕೆಟ್ ಹಿಡಿದು ಬರುತ್ತವೆ. ಜೈಪಾಲ್ ಸಿಂಗ್ ಕಾಲದಲ್ಲಿ ಅವರ ಜನರಾದ ಆದಿವಾಸಿಗಳಿಗೆ ಹೇಳಿಕೊಳ್ಳುವಂಥ ಪಕ್ಷವೇ ಇರಲಿಲ್ಲ. ಅದನ್ನು ಅವರೇ ಕಟ್ಟಬೇಕಾಯಿತು.

ಹುಟ್ಟಿದ್ದು 1903ರಲ್ಲಿ, ರಾಂಚಿ ಸೀಮೆಯ ಟಕ್ರಾ ಎಂಬ ಹಳ್ಳಿಯ ಮುಂಡಾ ಕುಟುಂಬದಲ್ಲಿ. ರಾಂಚಿಯ ಸೇಂಟ್ ಪಾಲ್ಸ್ ಮಿಷನ್ ಶಾಲೆಯಲ್ಲಿ ಹುಡುಗನ ಚುರುಕುತನ ಕಂಡ ಪ್ರಾಂಶುಪಾಲರು ಇಂಗ್ಲೆಂಡಿಗೆ ಕರೆದೊಯ್ದರು. ಆಕ್ಸ್‌ಫರ್ಡ್‌ನಲ್ಲಿ ಅರ್ಥಶಾಸ್ತ್ರ ಓದಿದರು, ವಿಶ್ವವಿದ್ಯಾಲಯದ ಹಾಕಿ ತಂಡದಲ್ಲಿ ಹೆಸರು ಮಾಡಿದರು, ಐಸಿಎಸ್‌ಗೂ ಆಯ್ಕೆಯಾದರು. ತರಬೇತಿಯ ಹೊತ್ತಿಗೇ ಒಲಿಂಪಿಕ್ಸ್ ಕರೆ ಬಂತು. ರಜೆ ಸಿಗಲಿಲ್ಲ, ರಜೆಯಿಲ್ಲದೆಯೇ ಹೊರಟರು. ಕೊನೆಗೆ, ಇಡೀ ದೇಶ ಆಸೆಗಣ್ಣಿಂದ ನೋಡುತ್ತಿದ್ದ ಆ ಹುದ್ದೆಯನ್ನೇ ಬಿಟ್ಟರು.

ಮುಂದೆ ಇಂದಿನ ಘಾನಾದ ಅಚಿಮೋಟ ಕಾಲೇಜಿನಲ್ಲೂ ರಾಯಪುರದ ರಾಜಕುಮಾರ ಕಾಲೇಜಿನಲ್ಲೂ ಪಾಠ ಹೇಳಿದರು. ಬಿಕಾನೇರ್ ಸಂಸ್ಥಾನದಲ್ಲಿ ಅಧಿಕಾರಿಯಾದರು. ಇಷ್ಟೆಲ್ಲ ಸುತ್ತಿ ಬಂದವರನ್ನು 1939ರ ಜನವರಿಯಲ್ಲಿ ರಾಂಚಿಯ ಆದಿವಾಸಿ ಮಹಾಸಭಾ ಅಧ್ಯಕ್ಷರನ್ನಾಗಿ ಕೂರಿಸಿತು. ಜನ ಅವರನ್ನು 'ಮರಂಗ್ ಗೋಮ್ಕೆ' ಎಂದು ಕರೆದರು. ದೊಡ್ಡ ನಾಯಕ ಎಂದರ್ಥ.

ಈ ನಾಯಕ ನಿಜವಾಗಿ ಆಡಿದ ಪಂದ್ಯ ಸಂವಿಧಾನ ಸಭೆಯಲ್ಲಿ ನಡೆಯಿತು. 1946ರ ಡಿಸೆಂಬರ್ 19. ನೆಹರೂ ಮಂಡಿಸಿದ್ದ ಧ್ಯೇಯೋದ್ದೇಶಗಳ ನಿರ್ಣಯದ ಮೇಲೆ ಚರ್ಚೆ. ಎದ್ದು ನಿಂತ ಜೈಪಾಲ್ ಸಿಂಗ್, ತಾನೊಬ್ಬ 'ಜಂಗ್ಲಿ', ಅದೇ ತನ್ನ ಹೆಮ್ಮೆ ಎಂದರು. ಬೈಗುಳವಾಗಿದ್ದ ಮಾತು ಆ ಸಭೆಯಲ್ಲಿ ಬಿರುದಾಯಿತು. ಆದಿವಾಸಿಗಳಿಗೆ ನೀವು ಪ್ರಜಾಪ್ರಭುತ್ವ ಕಲಿಸಬೇಕಾಗಿಲ್ಲ, ಅವರಿಂದ ನೀವೇ ಕಲಿಯಬೇಕು ಎಂದೂ ಹೇಳಿದರು. ಪಾನನಿಷೇಧದ ಪ್ರಸ್ತಾಪ ಬಂದಾಗ, ಅಕ್ಕಿಯ ಹುಳಿಮದ್ಯವಿಲ್ಲದೆ ಬಂಗಾಳದಲ್ಲಿ ಸಂತಾಲರಿಂದ ಭತ್ತದ ನಾಟಿಯೇ ಆಗದೆಂದು ವಾದಿಸಿದರು. 'ಆದಿವಾಸಿ' ಎಂಬ ಹೆಸರಿಗಾಗಿ ಪಟ್ಟು ಹಿಡಿದರು. ಸಂವಿಧಾನದಲ್ಲಿ ಉಳಿದದ್ದು 'ಪರಿಶಿಷ್ಟ ಬುಡಕಟ್ಟು'. ಜನರ ನಾಲಿಗೆಯಲ್ಲಿ ಉಳಿದದ್ದು ಅವರ ಪದ.

ಹೊತ್ತಿಗೆ ತಕ್ಕಂತೆ ಮಹಾಸಭಾ ಜಾರ್ಖಂಡ್ ಪಕ್ಷವಾಯಿತು. ಚುನಾವಣಾ ಚಿಹ್ನೆ ಹುಂಜ. ಪ್ರತ್ಯೇಕ ರಾಜ್ಯದ ಬೇಡಿಕೆಯೊಂದನ್ನೇ ಹಿಡಿದು ಹೊರಟ ಪಕ್ಷ 1952ರಲ್ಲಿ ಬಿಹಾರ ವಿಧಾನಸಭೆಯ ಪ್ರಮುಖ ವಿರೋಧ ಪಕ್ಷವಾಗಿ ಕುಳಿತಿತು. ಕನ್ನಡಿಗರಿಗೆ ಅದರ ಮುಂದಿನ ಕಥೆ ತಾಗಬೇಕು. ಹರಿದು ಹಂಚಿಹೋಗಿದ್ದ ನಮ್ಮ ನಾಡು 1956ರಲ್ಲಿ ಯಾವ ಆಯೋಗದ ಶಿಫಾರಸಿನಿಂದ ಒಂದುಗೂಡಿತೋ ಅದೇ ರಾಜ್ಯ ಪುನರ್‌ವಿಂಗಡಣಾ ಆಯೋಗದ ಮುಂದೆ ಜಾರ್ಖಂಡ್ ಬೇಡಿಕೆಯೂ ಇತ್ತು. ನಮ್ಮನ್ನು ಬೆಸೆಯಲು ಕನ್ನಡವಿತ್ತು. ಅಲ್ಲಿ ಮುಂಡಾರಿ, ಸಂತಾಲಿ, ಹೋ, ಕುರುಖ್ ಎಂದು ಹಲವು ನುಡಿಗಳು. ಎಲ್ಲರನ್ನೂ ಬೆಸೆಯುವ ಒಂದು ಭಾಷೆಯಿಲ್ಲ, ಆದಿವಾಸಿಗಳು ಬಹುಸಂಖ್ಯಾತರೂ ಅಲ್ಲ ಎಂಬ ಕಾರಣಗಳ ಮೇಲೆ ಆಯೋಗ ಬೇಡಿಕೆಯನ್ನು ತಳ್ಳಿಹಾಕಿತು.

ಪೆಟ್ಟು ತಿಂದ ಪಕ್ಷ ಸೊರಗುತ್ತ ಬಂತು. 1963ರಲ್ಲಿ ಜೈಪಾಲ್ ಸಿಂಗ್ ಅದನ್ನು ಕಾಂಗ್ರೆಸ್‌ನಲ್ಲಿ ವಿಲೀನಗೊಳಿಸಿದರು. ಬಿಹಾರದಲ್ಲಿ ಅಲ್ಪಕಾಲ ಮಂತ್ರಿಯೂ ಆದರು. ಅನೇಕ ಅನುಯಾಯಿಗಳು ಇದನ್ನು ಕ್ಷಮಿಸಲಿಲ್ಲ. ಅವರ ನೋವು ನ್ಯಾಯವಾದದ್ದೇ: ಕಾಡಿನ ಜನ ಕಟ್ಟಿಕೊಂಡಿದ್ದ ಏಕೈಕ ಮನೆ ಅದು. ಆದರೂ ಆ ಒಂದು ತಪ್ಪಿಗಾಗಿ ಅವರ ಇಡೀ ಬದುಕನ್ನು ಅಳಿಸಲಾಗದು. ಕ್ರೀಡಾಂಗಣದಲ್ಲಿ ಗಳಿಸಿದ ಹೆಸರಿಂದ ಮತ ಸಿಗಬಹುದು, ಮಂತ್ರಿಗಿರಿಯೂ ಸಿಗಬಹುದು. ಆ ಹೆಸರನ್ನು ದನಿಯಿಲ್ಲದವರ ದನಿಗೆ ಮುಡಿಪಿಟ್ಟವರು ವಿರಳ. ರಾಜಕೀಯಕ್ಕೆ ಬರುವ ಪ್ರತಿಯೊಬ್ಬ ಆಟಗಾರನನ್ನೂ ನಾವು ಕೇಳಬೇಕಾದದ್ದು ಇದೊಂದೇ: ಯಾರ ಪರವಾಗಿ ಬಂದಿರಿ?

ಜೈಪಾಲ್ ಸಿಂಗ್ ಲೋಕಸಭಾ ಸದಸ್ಯರಾಗಿದ್ದಾಗಲೇ, 1970ರ ಮಾರ್ಚ್ 20ರಂದು ದೆಹಲಿಯಲ್ಲಿ ತೀರಿಕೊಂಡರು. ಜಾರ್ಖಂಡ್ ರಾಜ್ಯ ಹುಟ್ಟಿದ್ದು ಮೂವತ್ತು ವರ್ಷಗಳ ಮೇಲೆ, 2000ದ ನವೆಂಬರ್ 15ರಂದು. ಅಂದು ಆದಿವಾಸಿ ಹೋರಾಟಗಾರ ಬಿರ್ಸಾ ಮುಂಡಾ ಜಯಂತಿ.