ತಕ್ಕಡಿಯ ಪಕ್ಕ ಒಂದು ಕಿಣ್ವ

ಹುಬ್ಬಳ್ಳಿಯ ಗಣೇಶಪೇಟೆ ಮೀನು ಮಾರುಕಟ್ಟೆ. ‘ಅಕ್ಕಾ, ಇವತ್ತಿಂದ ಐತೇನ?’ ಎಂದು ಕೇಳುತ್ತಲೇ ಗಿರಾಕಿ ಬಂಗಡೆಯ ಕಿವಿರು ಎತ್ತಿ ನೋಡುತ್ತಾರೆ. ಕೆಂಪಗಿದ್ದರೆ ಚೀಲಕ್ಕೆ. ಆದರೆ ಫಾರ್ಮಲಿನ್ ಸೋಕಿದ ಹಳೆಯ ಮೀನು ಕೈಗೆ ಗಟ್ಟಿಯಾಗಿಯೇ ಹತ್ತುತ್ತದೆ. ಕಣ್ಣು, ಮೂಗು ಎರಡೂ ಮೋಸಹೋಗುತ್ತವೆ.

ಫಾರ್ಮಲಿನ್ ಎಂದರೆ ಶೇ 37ರಿಂದ 40ರಷ್ಟು ಫಾರ್ಮಾಲ್ಡಿಹೈಡ್ ಕರಗಿರುವ ನೀರು. ವೈದ್ಯಕೀಯ ಕಾಲೇಜುಗಳಲ್ಲಿ ಮೃತದೇಹ ಕೆಡದಂತೆ ಕಾಯುವುದು ಇದೇ ದ್ರವ. ಆಹಾರದಲ್ಲಿ ಇದನ್ನು ಬಳಸುವಂತಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡ್ ಅನ್ನು ಕ್ಯಾನ್ಸರ್‌ಕಾರಕವೆಂದು ಸಾರಿತು. 2018ರ ಜುಲೈನಲ್ಲಿ ಇದೇ ಭಯಕ್ಕೆ ಗೋವಾ ಸರ್ಕಾರ ಹೊರರಾಜ್ಯದ ಮೀನನ್ನು ಕೆಲಕಾಲ ತಡೆಯಿತು. ಆ ವರ್ಷ ಕಾರವಾರದ ಮೀನುಗಾರರಿಗೂ ಬಿಸಿ ತಟ್ಟಿತು.

ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯ ಕಾಗದದ ಪಟ್ಟಿ ಬಣ್ಣ ಬದಲಿಸಿ ಎಚ್ಚರಿಸುತ್ತದೆ. ಆದರೆ ಒಂದು ತೊಡಕಿದೆ. ಸಮುದ್ರದ ಮೀನಿನ ಮೈಯಲ್ಲಿ ಟ್ರೈಮೀಥೈಲಮೈನ್ ಆಕ್ಸೈಡ್ ಎಂಬ ವಸ್ತು ಇರುತ್ತದೆ. ಅದು ಒಡೆದಾಗ ತಾನಾಗಿಯೇ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ, ಬೊಂಬಿಲ್‌ನಲ್ಲಂತೂ ಹೆಚ್ಚು. ‘ಇದೆಯೇ?’ ಎಂದಷ್ಟೇ ಕೇಳಿದರೆ ತಪ್ಪಿಲ್ಲದ ಮೀನುಗಾರ್ತಿಯೂ ಕಟಕಟೆ ಏರಬೇಕಾದೀತು. ಕೇಳಬೇಕಾದದ್ದು ‘ಎಷ್ಟಿದೆ?’ ಎಂದು.

ಅದಕ್ಕೆ ಉತ್ತರಿಸಬಲ್ಲದು ಕಿಣ್ವದ ಜೈವಿಕ ಸಂವೇದಕ. ಮನೆಮನೆಯ ಶುಗರ್ ಮೀಟರ್ ಇದರ ಅಣ್ಣ. 1962ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ಮುಂದಿಟ್ಟ ಕಿಣ್ವ ವಿದ್ಯುದ್ವಾರದ ವಂಶ ಎರಡೂ. ಇಲ್ಲಿ ಗ್ಲೂಕೋಸ್ ಕಿಣ್ವದ ಜಾಗದಲ್ಲಿ ಕೂರುವುದು ಸ್ಯೂಡೋಮೊನಾಸ್ ಪುಟಿಡಾ ಎಂಬ ಬ್ಯಾಕ್ಟೀರಿಯಾದಿಂದ ಪಡೆದ ಫಾರ್ಮಾಲ್ಡಿಹೈಡ್ ಡಿಹೈಡ್ರೋಜಿನೇಸ್. ಮೀನು ತೊಳೆದ ನೀರು ಹನಿಸಿದರೆ ಕಿಣ್ವವು ಫಾರ್ಮಾಲ್ಡಿಹೈಡ್ ಅನ್ನು ಫಾರ್ಮಿಕ್ ಆಮ್ಲವಾಗಿಸುತ್ತದೆ. ಜೊತೆಗಿರುವ ಎನ್‌ಎಡಿ ಅಣು ಆಗ ಎಲೆಕ್ಟ್ರಾನ್ ಹೊರುತ್ತದೆ. ವಿದ್ಯುದ್ವಾರ ಅದನ್ನು ಇಳಿಸಿಕೊಂಡು ಎಣಿಸುತ್ತದೆ. ವಿದ್ಯುತ್ ಹೆಚ್ಚಿದಷ್ಟೂ ವಿಷ ಹೆಚ್ಚು.

ಕಷ್ಟಗಳೂ ಇವೆ. ಎನ್‌ಎಡಿ ದುಬಾರಿ. ಕಿಣ್ವ ಸೆಕೆಗೆ ಸೊರಗುತ್ತದೆ, ನಮ್ಮ ಏಪ್ರಿಲ್ ಅದಕ್ಕೆ ಕಠಿಣ ಪರೀಕ್ಷೆ. ಅದಕ್ಕೇ ಕಿಣ್ವವನ್ನು ಯಾವುದಾದರೂ ಮೆದು ಪದರದಲ್ಲಿ ಬಂಧಿಸಿ ಬಾಳಿಕೆ ಹೆಚ್ಚಿಸುತ್ತಾರೆ. ಸಂವೇದಕಗಳಲ್ಲಿ ಬಳಕೆಯಲ್ಲಿರುವ ಅಂಥದೊಂದು ಪದರ ಕೈಟೋಸಾನ್; ಅದು ಸಿಗಡಿ, ಏಡಿಗಳ ಸಿಪ್ಪೆಯಿಂದ ಬರುತ್ತದೆ. ಮೀನು ಪೇಟೆಯಲ್ಲಿ ಕಸವೆಂದು ಎಸೆಯುವ ಸಿಪ್ಪೆಯೇ ಮೀನಿನ ಕಾವಲಿಗೆ ನಿಲ್ಲಬಲ್ಲದು.

ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಬರುವ ಬುಟ್ಟಿಯ ಹಿಂದೆ ಒಬ್ಬ ತಾಯಿಯ ದಿನದ ದುಡಿಮೆ ಇರುತ್ತದೆ. ತೂಕದ ಜಗಳ ತಕ್ಕಡಿಯಿಂದ ತೀರಿತು. ಅದರ ಪಕ್ಕ ಅಂಗೈಯಗಲದ ಈ ಉಪಕರಣವೂ ಕೂತರೆ, ಕೊಳ್ಳುವವರ ಆರೋಗ್ಯ ಉಳಿಯುತ್ತದೆ, ಮಾರುವವಳ ಮಾತೂ ಉಳಿಯುತ್ತದೆ.