ಸೊರಗಿದ ಜೇನು ಪೆಟ್ಟಿಗೆಗೆ ಮೊದಲು ಮಾಡಬೇಕಾದ್ದೇನು?

ಮಳೆಗಾಲ ಮುಗಿದು ಪೆಟ್ಟಿಗೆಯ ಮುಚ್ಚಳ ತೆಗೆದಾಗ, ಬೇಸಿಗೆಯಲ್ಲಿ ಏಳು ಎರಿಗಳ ತುಂಬ ಕವಿದಿದ್ದ ತುಡುವೆ ನೊಣ ಎರಡು ಎರಿಗೂ ಸಾಲದಷ್ಟು ಉಳಿದಿರುತ್ತದೆ. ತಳಹಲಗೆಯ ಮೇಲೆ ಮೇಣದ ಪುಡಿ, ಮೂಲೆಯ ಎರಿಯಲ್ಲಿ ಬಿಳಿಯ ಬಲೆ. ಜೇನು ಸಾಕಿದ ಬೆಳೆಗಾರರಲ್ಲಿ ಈ ನೋಟ ಕಾಣದವರು ವಿರಳ. ‘ಹುಳ ಬಿದ್ದು ಹಾಳಾಯಿತು’ ಎಂದು ಪೆಟ್ಟಿಗೆಯನ್ನು ಅಟ್ಟಕ್ಕೇರಿಸುವುದೂ ರೂಢಿಯೇ. ನಾವೂ ಹಾಗೆ ಎರಡು ಪೆಟ್ಟಿಗೆಗಳನ್ನು ಅಟ್ಟಕ್ಕೇರಿಸಿದವರು. ಕುಟುಂಬ ಮೊದಲು ಸೊರಗಿತ್ತು, ಹುಳ ಬಿದ್ದದ್ದು ಆಮೇಲೆ ಎಂಬುದು ನಮಗೆ ತಿಳಿದದ್ದು ತಡವಾಗಿ, ಬೆಂಗಳೂರಿನ ಜಯನಗರದ ಮನೆಯ ಹಿತ್ತಿಲಿನಲ್ಲಿ.

ಮಕ್ಕಳ ಓದಿಗೆಂದು ಜಯನಗರ, ಬನಶಂಕರಿಗಳ ಕಡೆ ಮನೆ ಮಾಡಿಕೊಂಡ ಬೆಳೆಗಾರ ಕುಟುಂಬಗಳು ಹಲವು. ಜಯನಗರ 1948ರಲ್ಲಿ ಆರಂಭವಾದ ಬಡಾವಣೆ. ಹಳೆಯ ಮನೆಗಳ ಹಿಂದೆ ಇನ್ನೂ ತೆಂಗು, ನುಗ್ಗೆ, ಸೀಬೆ, ಕರಿಬೇವು ಉಳಿದಿವೆ. ಬೀದಿಯಲ್ಲಿ ಹೊಂಗೆ, ಮಳೆಮರಗಳಿವೆ. ತೆಂಗು ವರ್ಷವಿಡೀ ಹೊಂಬಾಳೆ ಬಿಡುವುದರಿಂದ ನೊಣಕ್ಕೆ ಪರಾಗದ ಕೊರತೆ ಅಷ್ಟಾಗಿ ಕಾಣದು. ಆದರೆ ಹಿತ್ತಿಲಿನ ದೊಡ್ಡ ಲಾಭ ಬೇರೆ. ತೋಟದ ಪೆಟ್ಟಿಗೆಯನ್ನು ತಿಂಗಳಿಗೊಮ್ಮೆ ನೋಡಿದರೆ ಹೆಚ್ಚು. ಹಿತ್ತಿಲಿನದು ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತಾಗಲೆಲ್ಲ ಕಣ್ಣೆದುರಿಗೇ ಇರುತ್ತದೆ. ಕಾಯಿಲೆ ಬೀಳುವುದನ್ನು ನಾವು ನೋಡಿದ್ದು ಅಲ್ಲಿ. ತೋಟದಲ್ಲಿ ನೋಡಿದ್ದು ಹೆಣ ಮಾತ್ರ.

ಒಂದೆರಡು ಕೆ.ಜಿ. ತುಪ್ಪಕ್ಕಾಗಿ ಇಷ್ಟು ಪಾಡೇಕೆ ಎನ್ನುವವರಿದ್ದಾರೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೋಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು, ಅದನ್ನು ತರುವುದು ಗಾಳಿ ಮತ್ತು ನೊಣ. ಹೂ ಅರಳಿದರೆ ಎರಡು ಮೂರು ದಿನದ ಆಟ. ಆ ಹೊತ್ತಿಗೆ ಪೆಟ್ಟಿಗೆಯಲ್ಲಿ ನೊಣ ಇದ್ದರೆ ಇದ್ದಂತೆ. ಆದ್ದರಿಂದ ಜುಲೈ ತಿಂಗಳಿನ ಸೊರಗಿದ ಪೆಟ್ಟಿಗೆ ಮಾರ್ಚಿಯ ಫಸಲಿನ ಪ್ರಶ್ನೆಯೂ ಹೌದು.

ಸೊರಗಿದ ಪೆಟ್ಟಿಗೆ ಕಂಡಾಗ ಸಕ್ಕರೆ ಡಬ್ಬಕ್ಕೆ ಕೈ ಹಾಕುವ ಮೊದಲು, ಬಿಸಿಲಿರುವ ಹೊತ್ತಿನಲ್ಲಿ ನಡುವಿನ ಎರಿಯೊಂದನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ರಾಣಿಯನ್ನು ಹುಡುಕುತ್ತ ಕೂರಬೇಡಿ, ಮೊಟ್ಟೆ ಹುಡುಕಿ. ಕಣದ ತಳದಲ್ಲಿ ಒಂದೊಂದೇ ಮೊಟ್ಟೆ ನೆಟ್ಟಗೆ ನಿಂತಿದ್ದರೆ ಮೂರು ದಿನಗಳ ಹಿಂದಿನವರೆಗಂತೂ ರಾಣಿ ಇದ್ದಳು ಎಂದರ್ಥ. ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆ, ಅದೂ ಗೋಡೆಗೆ ಅಂಟಿಕೊಂಡಂತೆ ಇದ್ದು, ಗಂಡು ನೊಣಗಳು ಹೆಚ್ಚಿದ್ದರೆ ರಾಣಿ ಸತ್ತು ಕೆಲಸಗಾರ ನೊಣಗಳೇ ಮೊಟ್ಟೆಗೆ ಕುಳಿತಿವೆ. ಅಂಥ ಪೆಟ್ಟಿಗೆಗೆ ಎಷ್ಟು ಪಾಕ ಸುರಿದರೂ ಉಪಯೋಗವಿಲ್ಲ, ಏಕೆಂದರೆ ಆ ಮೊಟ್ಟೆಗಳಿಂದ ಬರುವುದು ಗಂಡು ಮಾತ್ರ. ಕೆಲಸಗಾರ ನೊಣದ ಆಯುಸ್ಸು ಸುಮಾರು ಆರು ವಾರ. ಅಷ್ಟರಲ್ಲಿ ಕುಟುಂಬದ ಕಥೆ ಮುಗಿಯುತ್ತದೆ.

ಮಳೆಗಾಲದಲ್ಲಿ ರಾಣಿ ಹೋದರೆ ಹಾನಿ ಹೆಚ್ಚು. ಕುಟುಂಬ ಹೊಸ ರಾಣಿಯನ್ನು ಎಬ್ಬಿಸಿಕೊಂಡರೂ ಅದು ಹೊರಗೆ ಹಾರಿ ಗಂಡುಗಳೊಡನೆ ಕೂಡಬೇಕು. ಮಲೆನಾಡಿನ ಜಡಿಮಳೆಯಲ್ಲಿ ಹಾರಾಟವೂ ಇಲ್ಲ, ಗಂಡುಗಳೂ ಇಲ್ಲ. ಇಂಥ ಪೆಟ್ಟಿಗೆಯನ್ನು ರಾಣಿಯುಳ್ಳ ಇನ್ನೊಂದು ಪೆಟ್ಟಿಗೆಯೊಡನೆ ಕೂಡಿಸುವುದೇ ಜಾಣತನ. ಎರಡನ್ನೂ ದಿನಕ್ಕೊಂದೆರಡು ಅಡಿಯಂತೆ ಸರಿಸುತ್ತ ಹತ್ತಿರ ತನ್ನಿ. ಸಂಜೆ ರಾಣಿಯುಳ್ಳ ಕೋಣೆಯ ಮೇಲೆ ದಿನಪತ್ರಿಕೆಯ ಹಾಳೆ ಹಾಸಿ, ಸೂಜಿಯಿಂದ ನಾಲ್ಕಾರು ತೂತು ಮಾಡಿ, ಇನ್ನೊಂದು ಕೋಣೆಯನ್ನು ಅದರ ಮೇಲಿಡಿ. ನೊಣಗಳು ಕಾಗದ ಕಡಿದು ಹಾಕುವಷ್ಟರಲ್ಲಿ ಎರಡರ ವಾಸನೆಯೂ ಬೆರೆತಿರುತ್ತದೆ, ಜಗಳವಿಲ್ಲ. ಪೆಟ್ಟಿಗೆಯ ಲೆಕ್ಕ ಕಡಿಮೆಯಾಗುತ್ತದೆಂದು ಅನೇಕರು ಇದಕ್ಕೆ ಒಪ್ಪುವುದಿಲ್ಲ. ಸೊರಗಿದ ಮೂರಕ್ಕಿಂತ ಗಟ್ಟಿಯಾದ ಒಂದು ಮೇಲು ಎಂಬುದು ನಮ್ಮ ಅಭಿಪ್ರಾಯ.

ಮೊಟ್ಟೆ ಸರಿಯಾಗಿದ್ದು ನೊಣ ಮಾತ್ರ ಕಡಿಮೆಯಿದ್ದರೆ ಹಸಿವೆಯನ್ನು ಅನುಮಾನಿಸಬೇಕು. ಎರಿಯ ಮೇಲಂಚಿನಲ್ಲಿ ಮುಚ್ಚಿದ ತುಪ್ಪ ಇದೆಯೇ ನೋಡಿ. ಇಲ್ಲವಾದರೆ ಸಮತೂಕದ ಸಕ್ಕರೆ ಮತ್ತು ಬಿಸಿನೀರು ಕಲಸಿ, ಆರಿಸಿ, ವಾರಕ್ಕೊಂದೆರಡು ಸಲ ಒಂದು ಲೋಟದಂತೆ ಕೊಡಬಹುದು. ಬೆಲ್ಲ ಬೇಡ, ನೊಣಕ್ಕೆ ಭೇದಿ ಹತ್ತುತ್ತದೆ. ಅಂಗಡಿಯ ಜೇನುತುಪ್ಪವೂ ಬೇಡ. ಯಾವ ಪೆಟ್ಟಿಗೆಯ ರೋಗ ಅದರಲ್ಲಿದೆಯೋ ಬಲ್ಲವರಾರು?

ಕೊಡುವ ಹೊತ್ತು ಮುಖ್ಯ. ಒಂದು ಭಾನುವಾರ ಮಧ್ಯಾಹ್ನ ನಾವು ತಟ್ಟೆಯಲ್ಲಿ ಪಾಕ ಸುರಿದು ಪೆಟ್ಟಿಗೆಯ ಬಾಗಿಲಲ್ಲೇ ಇಟ್ಟೆವು. ಅರ್ಧ ಗಂಟೆಯಲ್ಲಿ ಎಲ್ಲೆಲ್ಲಿಂದಲೋ ನೊಣ ಬಂದು ತಟ್ಟೆ ಮುಗಿಸಿ ಪೆಟ್ಟಿಗೆಯೊಳಕ್ಕೂ ನುಗ್ಗಿದವು. ಸಂಜೆಗೆ ನೆಲದ ತುಂಬ ಸತ್ತ ನೊಣ. ಮೂರನೆಯ ದಿನ ಉಳಿದವು ಗೂಡು ಬಿಟ್ಟು ಹೋದವು. ಪಕ್ಕದ ಮನೆಯವರು ಒಂದು ದಿನ ಬಟ್ಟೆ ಒಣಹಾಕಲು ಹೊರಬರಲಿಲ್ಲ! ಪಾಕವನ್ನು ಸಂಜೆ ಕತ್ತಲಾದ ಮೇಲೆ, ಪೆಟ್ಟಿಗೆಯ ಒಳಗೇ, ಒಂದು ಹನಿಯೂ ಹೊರಗೆ ಚೆಲ್ಲದಂತೆ ಇಡಬೇಕು. ನೊಣ ಮುಳುಗದಂತೆ ಪಾಕದ ಮೇಲೆ ಒಣಕಡ್ಡಿ ತೇಲಿಸಿ, ಬಾಗಿಲನ್ನು ಎರಡು ನೊಣ ಹೋಗುವಷ್ಟು ಕಿರಿದು ಮಾಡಿ.

ಈಗ ಮೇಣದ ಹುಳದ ಮಾತು. ಪತಂಗ ಮೊಟ್ಟೆಯಿಡುವುದು ನೊಣ ಕವಿಯದ ಹಳೆಯ ಕಪ್ಪು ಎರಿಯಲ್ಲಿ, ತಳಹಲಗೆಯ ಕಸದಲ್ಲಿ. ಆದ್ದರಿಂದ ನೊಣ ಮುಚ್ಚಿದಷ್ಟು ಎರಿಗಳನ್ನು ಮಾತ್ರ ಉಳಿಸಿ ಮಿಕ್ಕವನ್ನು ತೆಗೆದುಬಿಡಬೇಕು. ಅವುಗಳನ್ನು ಕರಗಿಸಿ ಮೇಣ ಮಾಡಿಕೊಳ್ಳಿ. ಖಾಲಿ ಜಾಗಕ್ಕೆ ಅಡ್ಡಹಲಗೆ ಕೊಟ್ಟರೆ ಪುಟ್ಟ ಕುಟುಂಬಕ್ಕೆ ಬೆಚ್ಚಗಾಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತಳಹಲಗೆ ಒರೆಸುವುದೂ ಪೆಟ್ಟಿಗೆಯ ಕಾಲುಗಳಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡುವುದೂ ಸಾಕು, ಔಷಧಿ ಬೇಕಿಲ್ಲ.

ಈ ಉಪಾಯಗಳಿಗೆ ಬಗ್ಗದ ಒಂದು ರೋಗವಿದೆ. 1936ರಿಂದ ವಿರಾಜಪೇಟೆಯಲ್ಲಿ ಜೇನು ಸಹಕಾರ ಸಂಘವಿದ್ದ ಕೊಡಗಿನಲ್ಲೂ ದಕ್ಷಿಣ ಕನ್ನಡದಲ್ಲೂ 1991-92ರ ಸುಮಾರಿಗೆ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದದ್ದು ಹಿರಿಯರಿಗೆ ನೆನಪಿರಬಹುದು. ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್. ಕಣ ಮುಚ್ಚುವ ಹೊತ್ತಿಗೆ ಮರಿ ಸತ್ತು, ತಲೆ ಮೇಲಕ್ಕೆ ಚೂಪಾಗಿ ನಿಂತಿರುತ್ತದೆ. ಚಿಮಟದಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ಇದಕ್ಕೆ ಮದ್ದಿಲ್ಲ. ಈ ಗುರುತು ಕಂಡ ಪೆಟ್ಟಿಗೆಯನ್ನು ಇನ್ನೊಂದರೊಡನೆ ಕೂಡಿಸಲೇಬಾರದು, ಎರಿಯನ್ನು ಕೊಡಕೊಳ್ಳಬಾರದು, ಮುಟ್ಟಿದ ಕೈ ಮತ್ತು ಉಳಿಯನ್ನು ತೊಳೆಯದೆ ಬೇರೆ ಪೆಟ್ಟಿಗೆ ತೆರೆಯಬಾರದು. ಸತ್ತ ಮರಿಯ ಎರಿಗಳನ್ನು ಸುಟ್ಟು, ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿದರೆ ರೋಗಕ್ಕೆ ಮರಿ ಸಿಗದಂತಾಗಿ ಕೆಲವು ಕುಟುಂಬಗಳು ಚೇತರಿಸಿಕೊಳ್ಳುತ್ತವೆ. ರೋಗ ಸುತ್ತಲೂ ಇದ್ದರೂ ತಾಳಿ ನಿಂತ ಪೆಟ್ಟಿಗೆಯಿಂದಲೇ ಮುಂದಿನ ರಾಣಿಯನ್ನು ಎಬ್ಬಿಸುವುದು ವಿಹಿತ.

ಊರಿನ ಹಿತ್ತಿಲಿಗೆ ಮಾತ್ರ ಸೇರಿದ ಎರಡು ಮಾತು. ಪೆಟ್ಟಿಗೆಯ ಬಾಗಿಲು ಕಾಂಪೌಂಡ್ ಗೋಡೆಗೆ ಮುಖವಾಗಿರಲಿ. ಆಗ ನೊಣ ಮೇಲಕ್ಕೇರಿ ಹಾರುತ್ತದೆ, ನೆರೆಯವರ ಮುಖಕ್ಕೆ ಬರುವುದಿಲ್ಲ. ಸಂಜೆ ಸೊಳ್ಳೆಗೆ ಹೊಗೆ ಹೊಡೆಯುವವರು ಬೀದಿಗೆ ಬಂದರೆ, ಗಾಳಿಯಾಡುವ ಒದ್ದೆ ಗೋಣಿಯನ್ನು ಸ್ವಲ್ಪ ಹೊತ್ತು ಪೆಟ್ಟಿಗೆಗೆ ಹೊದಿಸಿ. ತೋಟದಲ್ಲಿ ಕೀಟನಾಶಕ ಹೊಡೆಯುವಾಗಲೂ ನೊಣ ಗೂಡು ಸೇರಿದ ಮೇಲೆ ಹೊಡೆಯುವುದು, ಹೂವಿನ ದಿನಗಳಲ್ಲಿ ಹೊಡೆಯದೇ ಇರುವುದು ಇದೇ ಲೆಕ್ಕದ್ದು.

ಇನ್ನು ದಿನಗಳ ಲೆಕ್ಕ. ಮೊಟ್ಟೆಯಿಂದ ತುಡುವೆ ನೊಣ ಹೊರಬರಲು ಸುಮಾರು 20 ದಿನ. ಹೊರಬಂದ ನೊಣ ಮೊದಲ ಎರಡು ಮೂರು ವಾರ ಗೂಡಿನೊಳಗಿನ ಕೆಲಸ ಮಾಡಿ ಆಮೇಲೆ ಹೂವಿಗೆ ಹೋಗುತ್ತದೆ. ಅಂದರೆ ಹೂವಿನ ದಿನ ದುಡಿಯುವ ನೊಣದ ಮೊಟ್ಟೆ ಸುಮಾರು 40 ದಿನ ಮುಂಚೆ ಬಿದ್ದಿರಬೇಕು. ಹೂಮಳೆ ಯಾವಾಗ ಬರುವುದೋ ಹೇಳುವಂತಿಲ್ಲ. ಆದರೆ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ದಿನ ಗೊತ್ತಿರುತ್ತದೆ; ನೀರು ಬಿದ್ದ ಎಂಟು ಹತ್ತು ದಿನಕ್ಕೆ ಹೂ. ಫೆಬ್ರುವರಿ ಕೊನೆಗೆ ನೀರು ಕೊಡುವವರು ಜನವರಿ ಕೊನೆಯ ವಾರದೊಳಗೆ ಮೊಟ್ಟೆ ನೋಡಿ, ಕೂಡಿಸಬೇಕಾದ ಪೆಟ್ಟಿಗೆಗಳನ್ನು ಕೂಡಿಸಿ, ಸಂಜೆಯ ಪಾಕ ಶುರುಮಾಡಿರಬೇಕು. ಮೊಗ್ಗು ಬಿಳಿಯಾಗುತ್ತಲೇ ಪಾಕ ನಿಲ್ಲಿಸಿ, ಪೆಟ್ಟಿಗೆಗಳನ್ನು ರೋಬಸ್ಟಾ ಪಟ್ಟಿಯ ನಡುವೆ ಇಡತಕ್ಕದ್ದು.