ಮೊದಲು ಬಲ್ಬ್ ಒತ್ತಿ ನೋಡಿ

ಗಂಗೊಳ್ಳಿ ಕಡೆಯ ನಾಡದೋಣಿಯವರು ಔಟ್‌ಬೋರ್ಡ್ ಇಂಜಿನ್ ಹೊತ್ತುಕೊಂಡು ನನ್ನ ಶೆಡ್ಡಿಗೆ ಬಂದರೆ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಕಾರ್ಬುರೇಟರ್ ಹೋಯ್ತ್ ಕಾಣಿ." ಟ್ಯಾಂಕು, ಪೈಪು ಎಲ್ಲಿ ಅಂತ ನಾನು ಕೇಳುತ್ತೇನೆ. ಅವು ದೋಣಿಯಲ್ಲೇ ಇರುತ್ತವೆ. ರೋಗಿಯನ್ನು ಮನೆಯಲ್ಲಿ ಮಲಗಿಸಿ ಅವನ ಅಂಗಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದ ಹಾಗೆ.

ಎಣ್ಣೆ, ಅಂದರೆ ಇಂಧನ, ಬಾರದೆ ಇಂಜಿನ್ ನಿಲ್ಲುವುದಕ್ಕೆ ಕಾರಣ ಬಹುಪಾಲು ಇಂಜಿನ್ನಿನ ಹೊರಗೇ ಇರುತ್ತದೆ. ಹಾಗಾಗಿ ಹುಡುಕುವುದನ್ನು ಟ್ಯಾಂಕಿನಿಂದ ಶುರು ಮಾಡಬೇಕು. ನಮ್ಮಲ್ಲಿ ಇದು ಬರೀ ರಿಪೇರಿಯ ವಿಷಯವಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಬೋಟುಗಳಿಗೆ ರಜೆ. ಆಗ ಕಡಲಿಗಿಳಿಯಲು ಅವಕಾಶವಿರುವುದು 10 ಅಶ್ವಶಕ್ತಿಯೊಳಗಿನ ಇಂಜಿನ್ ಕಟ್ಟಿದ ನಾಡದೋಣಿಗಳಿಗೆ. ಮಳೆಗಾಲದಲ್ಲಿ ಪಂಚಗಂಗಾವಳಿಯ ಅಳಿವೆ ಬಾಯಲ್ಲಿ ಇಂಜಿನ್ ಬಂದ್ ಬಿದ್ದರೆ ದೋಣಿ ತೆರೆಗೆ ಅಡ್ಡ ತಿರುಗುತ್ತದೆ. ಮುಂದಿನ ತೆರೆಗೆ ಮಗುಚುತ್ತದೆ.

ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿಗೊಂದು ಸಣ್ಣ ಸ್ಕ್ರೂ ಇದೆ. ಸಾಗಿಸುವಾಗ ಎಣ್ಣೆ ಚೆಲ್ಲಬಾರದೆಂದು ಅದನ್ನು ಬಿಗಿ ಮಾಡುತ್ತಾರೆ, ಆಮೇಲೆ ಬಿಡಿಸಲು ಮರೆಯುತ್ತಾರೆ. ಇಂಜಿನ್ ಚೆನ್ನಾಗಿಯೇ ಹೊರಡುತ್ತದೆ. ಎಣ್ಣೆ ಖಾಲಿಯಾದಷ್ಟು ಜಾಗಕ್ಕೆ ಗಾಳಿ ಬಾರದೆ ಟ್ಯಾಂಕಿನೊಳಗೆ ನಿರ್ವಾತವಾಗಿ, ಸ್ವಲ್ಪ ದೂರ ಹೋದ ಮೇಲೆ ಕೆಮ್ಮಿ ನಿಲ್ಲುತ್ತದೆ. ಸ್ಕ್ರೂ ಬಿಡಿಸಿದಾಗ 'ಸುಯ್' ಎಂದು ಗಾಳಿ ಒಳಗೆ ಹೋದರೆ ರಿಪೇರಿ ಅಲ್ಲಿಗೇ ಮುಗಿಯಿತು.

ಇನ್ನು ಪೈಪಿನ ನಡುವಿನ ರಬ್ಬರ್ ಬಲ್ಬ್. ಅದು ಬರೀ ಎಣ್ಣೆ ಹತ್ತಿಸುವ ಸಾಧನವಲ್ಲ, ಕೈಗೆ ಸುದ್ದಿ ಹೇಳುವ ಸಾಧನ. ಅದರ ಮೇಲಿನ ಬಾಣದ ಗುರುತು ಇಂಜಿನ್ ಕಡೆಗಿರಬೇಕು. ತಿರುವುಮುರುವಾಗಿ ಸಿಕ್ಕಿಸಿಕೊಂಡು ಬಂದವರನ್ನೂ ಕಂಡಿದ್ದೇನೆ. ಒತ್ತುತ್ತಾ ಹೋದ ಹಾಗೆ ಬಲ್ಬ್ ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಲ್ಬಿನೊಳಗಿನ ವಾಲ್ವ್ ಕೆಟ್ಟಿದೆ. ಪೈಪಿನ ತುದಿಯ ಕನೆಕ್ಟರಿನ ಓ-ರಿಂಗ್ ಬಿಸಿಲಿಗೆ, ಉಪ್ಪಿಗೆ ಬಿರುಕು ಬಿಟ್ಟರೂ ಇದೇ ಕಥೆ. ಹೊರಗೆ ಎಣ್ಣೆ ಜಿನುಗದೆ ಇರಬಹುದು. ಸಣ್ಣ ಬಿರುಕು ಎಣ್ಣೆ ಬಿಡದಿದ್ದರೂ ಗಾಳಿ ಎಳೆದುಕೊಳ್ಳುತ್ತದೆ. ಇಂಜಿನ್ ಓಡುತ್ತಿರುವಾಗ ಬಲ್ಬ್ ಒಳಗೆ ಚಪ್ಪಟೆಯಾದರೆ ಅಡಚಣೆ ಟ್ಯಾಂಕಿನ ಕಡೆ: ಗಾಳಿ ಸ್ಕ್ರೂ ಮುಚ್ಚಿದೆ, ಅಥವಾ ಟ್ಯಾಂಕಿನೊಳಗಿನ ಜಾಲರಿಯಲ್ಲಿ ಕಸ ಕಟ್ಟಿದೆ. ಕಲ್ಲಿನಂತೆ ಗಟ್ಟಿಯಾಗಿಯೇ ಇದ್ದು ಇಂಜಿನ್ ಹಸಿದು ನಿಂತರೆ ಮುಂದೆ ಎಲ್ಲೋ ಕಟ್ಟಿದೆ. ಬಲ್ಬ್ ಒತ್ತುತ್ತಲೇ ಇದ್ದರೆ ಓಡಿ, ಕೈ ಬಿಟ್ಟರೆ ನಿಲ್ಲುವ ಇಂಜಿನ್ನಿಗೆ ಸಾಮಾನ್ಯವಾಗಿ ಫ್ಯೂಯೆಲ್ ಪಂಪಿನ ಡಯಾಫ್ರಂ ಹರಿದಿರುತ್ತದೆ. ಸಣ್ಣ ತುಂಡು ಅದು. ಹಳೆಯದನ್ನು ಅಂಟು ಹಾಕಿ ನಡೆಸುವ ಸಾಹಸ ಬೇಡ.

'ಸ್ವಲ್ಪ ಗಾಳಿ ಎಳೆಯುತ್ತದೆ, ಆದರೂ ಓಡುತ್ತದೆ' ಎಂದು ಹಾಗೇ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಟೂ ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಸಿಗುವುದು ಎಣ್ಣೆಯ ಜೊತೆಗೇ. ಎಣ್ಣೆ ಕಡಿಮೆಯಾದರೆ ಆಯಿಲ್ಲೂ ಕಡಿಮೆ, ಮೇಲೆ ಬಿಸಿ ಹೆಚ್ಚು. ಕೊನೆಗೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಓ-ರಿಂಗಿಗೆ ಕೊಡಬೇಕಾದ ಪುಡಿಗಾಸು ಉಳಿಸಿ ಇಂಜಿನ್ನನ್ನೇ ಕಳೆದುಕೊಂಡವರಿದ್ದಾರೆ.

ನೀರಿನದು ಇನ್ನೊಂದು ಕಾಟ. ಸೀಮೆಎಣ್ಣೆ ಬ್ಯಾರೆಲ್ಲಿನ ತಳದಲ್ಲಿ ನೀರು ನಿಂತಿರುತ್ತದೆ. ತಳದ ಎಣ್ಣೆಯನ್ನು ಬಗ್ಗಿಸಿ ತುಂಬಿಸಿಕೊಳ್ಳಬಾರದು. ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಾಕಿ ಇಟ್ಟರೆ ನೀರು ತಳಕ್ಕಿಳಿದು ಬೇರೆಯಾಗಿ ಕಾಣುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಕೂಡಿ ತಳ ಸೇರುತ್ತವೆ. ಇಂಜಿನ್ ಎಣ್ಣೆ ಎಳೆಯುವುದೂ ತಳದಿಂದಲೇ. ಹಾಗಾಗಿ ಮಳೆಗಾಲದಲ್ಲಿ ಹಳೆಯ ಪೆಟ್ರೋಲನ್ನು ವಾರಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ. ಹಳೆಯ ಪೈಪನ್ನೂ ನಂಬಬೇಡಿ. ಒಳಪದರ ಕಿತ್ತು ಬಂದರೆ ಹೊರಗಿನಿಂದ ಏನೂ ಕಾಣದು, ಒಳಗೆ ದಾರಿ ಮುಚ್ಚಿರುತ್ತದೆ.

ಸೀಮೆಎಣ್ಣೆಯ ಇಂಜಿನ್ ಇರುವವರಿಗೆ ಒಂದು ಮಾತು. ಸ್ಟಾರ್ಟ್ ಪೆಟ್ರೋಲಿನಲ್ಲಿ, ಬಿಸಿಯಾದ ಮೇಲೆ ಸೀಮೆಎಣ್ಣೆ; ಇದು ಎಲ್ಲರಿಗೂ ಗೊತ್ತು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಓಡಿಸಬೇಕೆಂಬುದನ್ನು ಮಾತ್ರ ಮೀನು ಸಿಕ್ಕ ಗಡಿಬಿಡಿಯಲ್ಲಿ ಮರೆಯುತ್ತಾರೆ. ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಬೆಳಿಗ್ಗೆ ಹಗ್ಗ ಎಳೆದು ತೋಳು ಸೋತರೂ ತಣ್ಣಗಿನ ಇಂಜಿನ್ ಹತ್ತುವುದಿಲ್ಲ.

ಇಷ್ಟೆಲ್ಲ ನೋಡಿಯೂ ಸರಿಯಾಗದಿದ್ದರೆ ಮಾತ್ರ ಕಾರ್ಬುರೇಟರ್ ಬಿಚ್ಚಿ. ಜೆಟ್ಟಿನ ತೂತಿಗೆ ತಂತಿ ಚುಚ್ಚಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಅಳತೆ ತಪ್ಪುತ್ತದೆ. ಕ್ಲೀನರ್ ಹಾಕಿ ಗಾಳಿ ಹೊಡೆದರೆ ಸಾಕು.

ಕಡಲಿನಲ್ಲೇ ಇಂಜಿನ್ ನಿಂತರೆ ಸ್ಪ್ಯಾನರ್ ಹುಡುಕುವ ಮೊದಲು ಲಂಗರು ಬಿಡಿ, ದೋಣಿ ತೆರೆ ಒಡೆಯುವ ಜಾಗಕ್ಕೆ ತೇಲಿ ಹೋಗಬಾರದು. ಆಮೇಲೆ ಗಾಳಿ ಸ್ಕ್ರೂ, ಕನೆಕ್ಟರ್, ಬಲ್ಬ್ ನೋಡಿ. ಬಲ್ಬ್ ಸಮೇತ ಒಂದು ಹೆಚ್ಚುವರಿ ಪೈಪ್, ಒಂದೆರಡು ಓ-ರಿಂಗ್, ಪ್ಲಗ್ ದೋಣಿಯಲ್ಲಿ ಯಾವಾಗಲೂ ಇರಲಿ. ಏನು ಮಾಡಿದರೂ ಹತ್ತದಿದ್ದರೆ ಸಂಕೋಚ ಬೇಡ: ಕೋಸ್ಟ್ ಗಾರ್ಡಿನ ರಕ್ಷಣಾ ಸಹಾಯವಾಣಿ 1554.